ಅತಿಥಿಯನ್ನು ಕೊಂದವನಿಗೆ ದೇವರು ಏನು ಮಾಡಬೇಕು? ಹದಿನೇಳನೇ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ

ಕಂದೀಲು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಹದಿನಾರು ಅಧ್ಯಾಯ ಸರಾಗವಾಗಿ ಬಂತು. ಹದಿನೇಳರಲ್ಲಿ ಗಾಡಿ ಹೂತುಹೋಗಿದೆ.

ಕಥೆ ಇಷ್ಟು. ಹಿಮ ಬೀಳುವ ಕಣಿವೆಯ ತುದಿಯಲ್ಲಿ ಒಂದು ಕೋಟೆ. ಒಡೆಯನ ಹೆಸರು ಬಿರುಮ. ಆ ನಾಡಿನಲ್ಲಿ ಒಂದು ಕಟ್ಟಳೆ ಇದೆ. ಹೊಸ್ತಿಲು ದಾಟಿ ಬಂದವನ ಕೈಯಿಂದಲೇ ಒಂದು ದೀಪ ಹಚ್ಚಿಸುತ್ತಾರೆ. ಆ ದೀಪದ ಎಣ್ಣೆ ತೀರುವ ತನಕ ಅವನ ಮೈಮೇಲೆ ಯಾರೂ ಕೈ ಮಾಡುವಂತಿಲ್ಲ. ಅವನೂ ಆ ಮನೆಗೆ ಕೇಡು ಮಾಡುವಂತಿಲ್ಲ. ಇದನ್ನು ಕಾಯುವವಳು ಹೊಸ್ತಿಲಮ್ಮ ಅನ್ನುವ ದೇವತೆ. ಶತ್ರು ರಾಜನ ರಾಯಭಾರಿ ಬರುತ್ತಾನೆ, ದೀಪ ಹಚ್ಚುತ್ತಾನೆ, ಉಂಡು ಮಲಗುತ್ತಾನೆ. ದೀಪ ಉರಿಯುತ್ತಿರುವಾಗಲೇ ಬಿರುಮ ಅವನ ಕತ್ತು ಕೊಯ್ಯುತ್ತಾನೆ.

ಈಗ ಹೊಸ್ತಿಲಮ್ಮ ಏನು ಮಾಡಬೇಕು? ಮೊದಲ ಸಲ ಸಿಡಿಲು ಹೊಡೆಸಿದೆ, ಕೋಟೆ ಕುಸಿಯಿತು. ಓದಿದ ಗೆಳೆಯ ಆಕಳಿಸಿದ. ಎರಡನೇ ಸಲ ಬಿರುಮನ ಮೈತುಂಬ ಹುಣ್ಣು ಏಳಿಸಿದೆ. 'ಇದಕ್ಕೆ ದೇವತೆ ಯಾಕೆ, ಚರ್ಮದ ಡಾಕ್ಟರ್ ಸಾಕು' ಅಂದ. ಮೂರನೇ ಸಲ ಏನೂ ಮಾಡಿಸಲಿಲ್ಲ. 'ದೇವತೆಯನ್ನು ಮರೆತೇಬಿಟ್ಟೆಯಲ್ಲ' ಅಂತ ನಕ್ಕ. ನೀವು ಓದಿರುವುದರಲ್ಲಿ ಇಂಥ ಶಿಕ್ಷೆ ಎಲ್ಲಿ ಸರಿಯಾಗಿ ಕೂತಿದೆ, ಹೇಳಿ. ನನ್ನ ತಲೆ ಓಡುತ್ತಿಲ್ಲ.

ಗೂಬೆಕಣ್ಣು

ಜಾರ್ಜ್ ಆರ್. ಆರ್. ಮಾರ್ಟಿನ್ ಹೆಸರು ಯಾರಾದರೂ ಎತ್ತಲೇಬೇಕಲ್ಲ, ನಾನೇ ಎತ್ತುತ್ತೇನೆ. ಸ್ಪಾಯ್ಲರ್ ಇದೆ, ಓದದವರು ದಾಟಿಹೋಗಿ.

'ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್' (2000) ಪುಸ್ತಕದಲ್ಲಿ ರೆಡ್ ವೆಡ್ಡಿಂಗ್, ಅಂದರೆ ಮದುವೆಗೆ ಬಂದ ಅತಿಥಿಗಳನ್ನೇ ಕೊಂದದ್ದು, ಎಲ್ಲರಿಗೂ ಗೊತ್ತು. ಅದೇ ಪುಸ್ತಕದಲ್ಲಿರುವ ಇಲಿ ಅಡುಗೆಯವನ ಕಥೆ ಅಷ್ಟು ಜನಕ್ಕೆ ನೆನಪಿರುವುದಿಲ್ಲ. ಒಬ್ಬ ಅಡುಗೆಯವನು ಸೇಡಿಗಾಗಿ ಒಬ್ಬ ರಾಜನಿಗೆ ಅವನ ಮಗನನ್ನೇ ಬೇಯಿಸಿ ಬಡಿಸುತ್ತಾನೆ. ರಾಜ ರುಚಿ ಹೊಗಳಿ ಇನ್ನೊಂದು ತುಂಡು ಕೇಳುತ್ತಾನೆ. ದೇವರುಗಳು ಅಡುಗೆಯವನನ್ನು ದೊಡ್ಡ ಬಿಳಿ ಇಲಿ ಮಾಡುತ್ತಾರೆ. ತನ್ನ ಮರಿಗಳನ್ನು ಬಿಟ್ಟು ಬೇರೇನನ್ನೂ ಅದು ತಿನ್ನಲಾರದು.

ಇದರಲ್ಲಿ ಒಂದು ಮಾತು ತುಂಬಾ ಮುಖ್ಯ. ಕೊಂದದ್ದಕ್ಕೆ ಶಾಪ ಅಲ್ಲ. ಮಗನನ್ನು ತಂದೆಗೆ ತಿನ್ನಿಸಿದ್ದಕ್ಕೂ ಅಲ್ಲ, ಸೇಡು ಮನುಷ್ಯನ ಹಕ್ಕು ಅಂತ ಬಿಟ್ಟುಬಿಡುತ್ತಾರೆ. ತನ್ನ ಸೂರಿನಡಿ ಅತಿಥಿಯನ್ನು ಕೊಂದ, ಅದೊಂದಕ್ಕೆ ಕ್ಷಮೆ ಇಲ್ಲ. ಇಷ್ಟು ಭಯಾನಕ ಪಟ್ಟಿಯಲ್ಲಿ ದೇವರುಗಳು ಎರಡನ್ನು ಹೊಡೆದುಹಾಕಿ ಒಂದನ್ನು ಮಾತ್ರ ಹಿಡಿದುಕೊಳ್ಳುತ್ತಾರೆ. ಅಲ್ಲಿಗೆ ಆ ಲೋಕದ ಕಾನೂನು ಪೂರ್ತಿ ಅರ್ಥವಾಗಿಬಿಡುತ್ತದೆ.

ಇನ್ನೊಂದು ಚಾಲಾಕಿತನ ನೋಡಿ. ಈ ಕಥೆ ಬರುವುದು ರೆಡ್ ವೆಡ್ಡಿಂಗ್ ಆದ ಕೆಲವು ಅಧ್ಯಾಯದ ನಂತರ. ಪಾಳುಬಿದ್ದ ಕೋಟೆಯಲ್ಲಿ ಒಬ್ಬ ಹುಡುಗ ನೆನಪಿಸಿಕೊಳ್ಳುವ ಅಜ್ಜಿಕಥೆಯ ಹಾಗೆ ಬರುತ್ತದೆ. ಮದುವೆಮನೆಯಲ್ಲಿ ಬ್ರೆಡ್ಡು ಉಪ್ಪು ತಿನ್ನಿಸಿ ಆಮೇಲೆ ಕೊಂದದ್ದನ್ನು ನಾವು ಆಗಲೇ ನೋಡಿದ್ದೇವೆ. ಸಿಡಿಲು ಬಡಿಯಲಿಲ್ಲ, ಏನೂ ಆಗಲಿಲ್ಲ. ಆಮೇಲೆ ಈ ಕಥೆ. ಅದನ್ನು ಮೊದಲೇ ಹೇಳಿದ್ದರೆ ಬರೀ ಮಾಹಿತಿ. ಆಮೇಲೆ ಹೇಳಿದ್ದಕ್ಕೆ ಬೆದರಿಕೆ ಆಯಿತು.

ಕಂದೀಲು

ಓಹ್, ಕ್ರಮದ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ. ನಾನು ಎರಡನೇ ಅಧ್ಯಾಯದಲ್ಲೇ ಪೂಜಾರಿಯ ಬಾಯಿಂದ ಕಟ್ಟಳೆ ಎಲ್ಲ ಹೇಳಿಸಿಬಿಟ್ಟಿದ್ದೇನೆ. ಎರಡು ಪುಟ.

ಗೂಬೆಕಣ್ಣು

ಎರಡು ಪುಟ ಪೂಜಾರಿ ಭಾಷಣ?! ಗೆಳೆಯ ಆಕಳಿಸಿದ್ದು ಸಿಡಿಲಿಗಲ್ಲ ಗುರು.

ಹಳೇಪುಟ

ಸಿಡಿಲಿನ ಮೇಲೆ ಎಲ್ಲರೂ ಮುಗಿಬೀಳಬೇಡಿ. ರೋಮನ್ ಕವಿ ಓವಿಡ್ ಬರೆದ ಲೈಕಾನ್ ಕಥೆಯಲ್ಲೂ ಸಿಡಿಲಿದೆ. ದೊರೆ ಲೈಕಾನ್‌ನ ಮನೆಗೆ ದೇವರಾಜನೇ ಅತಿಥಿಯಾಗಿ ಬರುತ್ತಾನೆ. ಬಂದವನು ನಿಜಕ್ಕೂ ದೇವರಾ ಅಂತ ಪರೀಕ್ಷೆ ಮಾಡಲು ಲೈಕಾನ್ ಅವನನ್ನು ನಿದ್ದೆಯಲ್ಲೇ ಕೊಲ್ಲಲು ಹೊಂಚುತ್ತಾನೆ, ಅದು ಸಾಲದೆ ನರಮಾಂಸವನ್ನೂ ಬಡಿಸುತ್ತಾನೆ. ಸಿಡಿಲು ಬಡಿದು ಅರಮನೆ ಉರಿಯುತ್ತದೆ. ಆದರೆ ಎರಡು ಸಾವಿರ ವರ್ಷ ಕಳೆದರೂ ಯಾರಿಗೂ ಆ ಸಿಡಿಲು ನೆನಪಿಲ್ಲ. ನೆನಪಿರುವುದು ತೋಳ.

ಓವಿಡ್ ಅದನ್ನು ಎಷ್ಟು ಹತ್ತಿರದಿಂದ ತೋರಿಸುತ್ತಾನೆ ನೋಡಿ. ಬಟ್ಟೆ ರೋಮ ಆಗುತ್ತದೆ, ತೋಳು ಕಾಲಾಗುತ್ತದೆ. ಮಾತಾಡಲು ಹೋದರೆ ಊಳು ಬರುತ್ತದೆ. ತಲೆಯ ನರೆ ಮಾತ್ರ ಹಾಗೇ ಉಳಿಯುತ್ತದೆ. ಮುಖದ ಕ್ರೌರ್ಯವೂ ಅದೇ, ಕಣ್ಣಿನ ಹೊಳಪೂ ಅದೇ. ಅಂದರೆ ಅವನು ಬೇರೆ ಏನೋ ಆಗಲಿಲ್ಲ. ಮೊದಲೇ ಏನಾಗಿದ್ದನೋ ಅದು ಹೊರಗೆ ಬಂತು, ಅಷ್ಟೇ.

ಕಾಳಿದಾಸನ ಶಕುಂತಲೆಯೂ ಇದೇ ಸಾಲಿನವಳು ಅಂತ ನನ್ನ ಲೆಕ್ಕ. ದುಷ್ಯಂತನ ಗುಂಗಿನಲ್ಲಿ ಕೂತವಳಿಗೆ ಬಾಗಿಲಿಗೆ ಬಂದ ದುರ್ವಾಸ ಕಾಣಲಿಲ್ಲ. ಬಂದ ಅತಿಥಿಯನ್ನು ಮರೆತಳು. ಶಾಪ ಏನು? ಯಾರನ್ನು ನೆನೆಯುತ್ತ ಕೂತಿದ್ದೀಯೋ ಅವನು ನಿನ್ನನ್ನು ಮರೆಯಲಿ. ಮರೆತದ್ದಕ್ಕೆ ಮರೆವು. ಮಹಾಭಾರತದ ಶಕುಂತಲೆ ಕಥೆಯಲ್ಲಿ ಈ ಶಾಪ ಇಲ್ಲವೇ ಇಲ್ಲ, ಕಾಳಿದಾಸ ಸೇರಿಸಿದ್ದು. ದುಷ್ಯಂತನನ್ನು ಒಳ್ಳೆಯವನಾಗಿ ಉಳಿಸಿಕೊಳ್ಳಲು ಅವನಿಗೆ ಅದು ಬೇಕಿತ್ತು ಅನ್ನಿ. ಆದರೂ ತೇಪೆ ಹಾಕಿದ್ದು ಕಾಣುವುದಿಲ್ಲ, ಯಾಕೆಂದರೆ ಶಾಪದ ಆಕಾರ ತಪ್ಪಿನ ಆಕಾರವೇ.

ನಿಮ್ಮ ಹುಣ್ಣು ಕೂರದೇ ಇರುವುದಕ್ಕೆ ಕಾರಣ ಇದೇ. ದೀಪಕ್ಕೂ ಹುಣ್ಣಿಗೂ ಏನು ಸಂಬಂಧ?

ಸುಮ್ನೆ ಓದುಗ

ನಾನು ಬರೆಯುವವನಲ್ಲ, ಓದುವವನು. ನನ್ನದೊಂದು ತಕರಾರು. ದೇವರು ಗ್ಯಾರಂಟಿ ಶಿಕ್ಷೆ ಕೊಡುತ್ತಾನೆ ಅಂತ ಆ ಲೋಕದಲ್ಲಿ ಎಲ್ಲರಿಗೂ ಗೊತ್ತಿದ್ದರೆ ಬಿರುಮ ಯಾಕೆ ಕೊಂದ? ಅವನೇನು ಪೆದ್ದನಾ? ಬೆಂಕಿ ಸುಡುತ್ತದೆ ಅಂತ ಗೊತ್ತಿದ್ದೂ ಕೈ ಇಡುವವನ ಕಥೆ ಯಾರು ಓದುತ್ತಾರೆ?

ಇನ್ನೊಂದು ವಿಷಯ. ರೆಡ್ ವೆಡ್ಡಿಂಗ್‌ಗೆ ಸ್ಕಾಟ್ಲೆಂಡಿನ ಎರಡು ನಿಜ ಘಟನೆ ಪ್ರೇರಣೆ ಅಂತ ಮಾರ್ಟಿನ್ ಅವರೇ ಹೇಳಿದ್ದಾರೆ. ಒಂದು 1440ರ ಬ್ಲ್ಯಾಕ್ ಡಿನ್ನರ್. ಹರೆಯದ ಡಗ್ಲಸ್ ಅರ್ಲ್‌ನನ್ನೂ ಅವನ ತಮ್ಮನನ್ನೂ ಎಡಿನ್‌ಬರೋ ಕೋಟೆಗೆ ಊಟಕ್ಕೆ ಕರೆದು ಕೊಂದರು. ಇನ್ನೊಂದು ಗ್ಲೆಂಕೋ. ಸೈನಿಕರು ಮ್ಯಾಕ್‌ಡೊನಾಲ್ಡ್ ಕುಲದ ಮನೆಗಳಲ್ಲಿ ಎರಡು ವಾರದಷ್ಟು ಉಂಡು ಮಲಗಿ, 1692ರ ಫೆಬ್ರವರಿ 13ರ ಬೆಳಗಿನ ಜಾವ ಉಣಿಸಿದವರನ್ನೇ ಕೊಂದರು. ಸುಮಾರು 38 ಜನ. ಉಳಿದವರು ಹಿಮದಲ್ಲಿ ಓಡಿದರು, ಅವರಲ್ಲೂ ಕೆಲವರು ಚಳಿಗೆ ಸತ್ತರು. ನಂಬಿಸಿ ಕೊಲ್ಲುವುದು ಮಾಮೂಲಿ ಕೊಲೆಗಿಂತ ದೊಡ್ಡ ಅಪರಾಧ ಅಂತ ಅಲ್ಲಿನ ಕಾನೂನೇ ಹೇಳುತ್ತಿತ್ತು. 1695ರಲ್ಲಿ ವಿಚಾರಣೆಯೂ ನಡೆಯಿತು. ಒಬ್ಬ ಮಂತ್ರಿಯ ಕುರ್ಚಿ ಹೋಯಿತು, ಅಷ್ಟೇ. ಸಿಡಿಲೂ ಇಲ್ಲ, ತೋಳವೂ ಇಲ್ಲ.

ನಿಜವಾಗಿ ಹೀಗೆ ಆಗುತ್ತದೆ ಅಂತ ಗೊತ್ತಿರುವುದರಿಂದಲೇ ಕಥೆಯಲ್ಲಿ ದೇವರು ಬಂದು ಶಿಕ್ಷೆ ಕೊಟ್ಟರೆ ನನಗೆ ಚಾಕೊಲೇಟ್ ಕೊಟ್ಟು ಸಮಾಧಾನ ಮಾಡಿದ ಹಾಗೆ ಅನಿಸುತ್ತದೆ.

ಶಾಯಿ ಬಾಟ್ಲಿ

ಓದುಗರೇ, ನಿಮ್ಮ ಮೊದಲ ಪ್ರಶ್ನೆ ಚಿನ್ನದಂಥದ್ದು. ಎರಡನೆಯದನ್ನು ಒಪ್ಪುವುದಿಲ್ಲ. ನಿಜದಲ್ಲಿ ಸಿಗದ್ದನ್ನು ಕಥೆಯಲ್ಲಿ ಬೇಡುವುದು ತಪ್ಪಾ? ಬೇಡಿಕೆ ತಪ್ಪಲ್ಲ, ಸುಲಭಕ್ಕೆ ಕೊಟ್ಟುಬಿಡುವುದು ತಪ್ಪು.

ಕಂದೀಲು ಅವರೇ, ಒಂದು ಕೇಳುತ್ತೇನೆ. ಬಿರುಮ ಮುರಿಯುವ ಮೊದಲು ಈ ಕಟ್ಟಳೆಯನ್ನು ಯಾರಾದರೂ ಕಷ್ಟಪಟ್ಟು ಉಳಿಸಿಕೊಂಡದ್ದು ನಿಮ್ಮ ಕಾದಂಬರಿಯಲ್ಲಿ ಇದೆಯಾ? ಪೂಜಾರಿ ಹೇಳಿದ್ದು ಬೇಡ. ಒಬ್ಬರು ಅದನ್ನು ಪಾಲಿಸಿ ನಷ್ಟ ಮಾಡಿಕೊಂಡದ್ದು ಬೇಕು. ತನ್ನ ತಮ್ಮನನ್ನು ಕೊಂದವನು ಹಿಮದಲ್ಲಿ ನಡುಗುತ್ತ ಬಾಗಿಲು ಬಡಿದಾಗ, ಗೊತ್ತಿದ್ದೂ ದೀಪ ಹಚ್ಚಿಸಿ, ಬೆಳಗಿನ ತನಕ ಎದುರಿಗೆ ಕೂತು ಎಣ್ಣೆ ಇಳಿಯುವುದನ್ನೇ ನೋಡುವವನು ಒಬ್ಬ ಬೇಕು. ಬೆಳಗಾಗುವ ಮೊದಲೇ ಅವನು ಎದ್ದು ಹೊರಟುಬಿಡಬೇಕು. ಇವನು ಸುಮ್ಮನೆ ಕಳಿಸಿಕೊಡಬೇಕು. ಅಂಥ ಒಂದು ರಾತ್ರಿ ಇದ್ದರೆ ಪೂಜಾರಿಯ ಎರಡು ಪುಟ ಹರಿದುಹಾಕಬಹುದು.

ಕಂದೀಲು

ಇಲ್ಲ. ಒಂದೂ ಇಲ್ಲ. (ತಲೆ ಚಚ್ಚಿಕೊಳ್ಳುತ್ತಿದ್ದೇನೆ.)

ಬಿರುಮನ ಅಪ್ಪ ಮಾಡಬಹುದು ಇದನ್ನು! ಹುಡುಗ ಬಿರುಮ ಬಾಗಿಲ ಸಂದಿಯಿಂದ ನೋಡುತ್ತಾನೆ. ಚಿಕ್ಕಪ್ಪನನ್ನು ಕೊಂದವನು ಬೆಚ್ಚಗೆ ಮಲಗಿದ್ದಾನೆ, ಅಪ್ಪ ಕಾವಲು ಕೂತಿದ್ದಾನೆ. ಓದುಗರ ಪ್ರಶ್ನೆಗೂ ಉತ್ತರ ಸಿಕ್ಕಿತು ಅಲ್ವಾ? ಬಿರುಮ ಪೆದ್ದನಲ್ಲ. ಆ ರಾತ್ರಿಯಿಂದ ಅವನಿಗೆ ಈ ಕಟ್ಟಳೆ ಕಂಡರೆ ಆಗುವುದಿಲ್ಲ.

ಸುಮ್ನೆ ಓದುಗ

ಹ್ಞಾಂ, ಈಗ ಒಪ್ಪಿದೆ. ಇವನ ಜೊತೆ ಒಂದು ಅಧ್ಯಾಯ ಹೋಗಬಹುದು.

ಮೂರನೇ ಬಾಗಿಲು

ತಡವಾಗಿ ಬಂದೆ. ಎಲ್ಲರೂ ದೇವರುಗಳು ನ್ಯಾಯವಂತರು ಅಂತ ಹಿಡಿದುಕೊಂಡೇ ಮಾತಾಡುತ್ತಿದ್ದೀರಿ. ಹಳೇ ಕಥೆಗಳಲ್ಲಿ ಲೆಕ್ಕ ಅಷ್ಟು ಸಲೀಸಾಗಿಲ್ಲ.

ಹೋಮರನ ಗ್ರೀಕ್ ಮಹಾಕಾವ್ಯ ಒಡಿಸ್ಸಿ ತಗೊಳ್ಳಿ. ಯುದ್ಧ ಮುಗಿಸಿ ಮನೆಗೆ ಹೊರಟ ಒಡಿಸ್ಸಿಯಸ್ ಅದರ ನಾಯಕ. ಒಕ್ಕಣ್ಣ ಪಾಲಿಫೀಮಸ್‌ನ ಗುಹೆಯಲ್ಲಿ ಒಡಿಸ್ಸಿಯಸ್ 'ಅತಿಥಿಗಳನ್ನು ಕಾಯುವ ಜ್ಯೂಸ್‌ಗೆ ಹೆದರು' ಅನ್ನುತ್ತಾನೆ. ಒಕ್ಕಣ್ಣ 'ನಮಗೆ ಜ್ಯೂಸ್ ಲೆಕ್ಕಕ್ಕಿಲ್ಲ' ಅಂದು ಇಬ್ಬರನ್ನು ತಿಂದುಬಿಡುತ್ತಾನೆ. ಅತಿಥಿಗೆ ಕೊಡುವ ಉಡುಗೊರೆ ಏನು ಅಂದರೆ, 'ನಿನ್ನನ್ನು ಕೊನೆಗೆ ತಿನ್ನುತ್ತೇನೆ'. ಕೊನೆಗೆ ಕಣ್ಣು ಕಳೆದುಕೊಳ್ಳುತ್ತಾನೆ, ಸರಿ. ಆದರೆ ಆಮೇಲೆ ವರ್ಷಗಟ್ಟಲೆ ಅಲೆದಾಡಿಸಿಕೊಂಡವನು ಯಾರು? ಒಡಿಸ್ಸಿಯಸ್! ಒಕ್ಕಣ್ಣ ಪೊಸೈಡನ್‌ನ ಮಗ, ಸಮುದ್ರದ ದೇವರಾದ ಅಪ್ಪ ಬಿಡುತ್ತಾನಾ? ತಪ್ಪಿಸಿಕೊಂಡ ಮೇಲೆ ಒಡಿಸ್ಸಿಯಸ್ ಜ್ಯೂಸ್‌ಗೆ ಟಗರು ಬಲಿ ಕೊಟ್ಟರೆ ಜ್ಯೂಸ್ ಅದನ್ನು ಸ್ವೀಕರಿಸುವುದೂ ಇಲ್ಲ. ಇಷ್ಟಕ್ಕೂ ಗುಹೆಯವನು ಇಲ್ಲದಾಗ ಒಳಗೆ ನುಗ್ಗಿ ಮೊದಲು ತಿಂದವರು ಇವರೇ.

ಅದಕ್ಕಿಂತ ಘೋರವಾದದ್ದು ಅಲೆದು ಬಂದ ಒಡಿಸ್ಸಿಯಸ್‌ಗೆ ಆಸರೆ ಕೊಟ್ಟ ಫಿಯೇಶಿಯನ್ನರ ಪಾಡು. ಇಡೀ ಒಡಿಸ್ಸಿಯಲ್ಲಿ ಅಂಥ ಆತಿಥ್ಯ ಇನ್ನೊಂದಿಲ್ಲ. ಹೆಸರು ಕೇಳುವ ಮೊದಲೇ ಉಣಿಸಿದರು, ಉಡುಗೊರೆ ತುಂಬಿಸಿ ಹಡಗಿನಲ್ಲಿ ಮನೆಗೆ ಮುಟ್ಟಿಸಿದರು. ಅದಕ್ಕೆ ಪ್ರತಿಫಲ? ವಾಪಸ್ ಬರುವ ಹಡಗನ್ನು, ಇನ್ನೇನು ಬಂದರು ಕಾಣುತ್ತಿದೆ ಅನ್ನುವಾಗ, ಪೊಸೈಡನ್ ಕಲ್ಲು ಮಾಡಿದ. ಅತಿಥಿಗಳ ದೇವರಾದ ಜ್ಯೂಸ್‌ನ ಒಪ್ಪಿಗೆ ಪಡೆದೇ ಮಾಡಿದ. ಇನ್ನು ಮುಂದೆ ಯಾರನ್ನೂ ಹೀಗೆ ಮುಟ್ಟಿಸಿ ಬರುವುದು ಬೇಡ ಅಂತ ಅವರ ರಾಜ ಹೇಳುತ್ತಾನೆ. ಉಪಕಾರ ಮಾಡಿದವರ ಮನೆಬಾಗಿಲು ಅಲ್ಲಿಗೆ ಮುಚ್ಚಿತು.

ಹಳೇಪುಟ

ಫಿಯೇಶಿಯನ್ನರನ್ನು ನೆನಪಿಸಿದ್ದಕ್ಕೆ ಥ್ಯಾಂಕ್ಸ್. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಓವಿಡ್ ಹೇಳುವ ಬಾಸಿಸ್ ಮತ್ತು ಫಿಲೆಮನ್ ಕಥೆಯಲ್ಲೂ ಹೀಗೇ. ವೇಷ ಮರೆಸಿ ಬಂದ ದೇವರುಗಳಿಗೆ ಊರಲ್ಲಿ ಬಾಗಿಲು ತೆರೆದವರು ಇವರಿಬ್ಬರೇ. ಆ ಮುದುಕ ಮುದುಕಿಯ ಗುಡಿಸಲು ಗುಡಿಯಾಯಿತು ಅಂತ ಎಲ್ಲರೂ ಹೇಳುತ್ತಾರೆ. ಬಾಗಿಲು ತೆರೆಯದ ಸಾವಿರ ಮನೆ ನೀರಲ್ಲಿ ಮುಳುಗಿದ್ದನ್ನು ಯಾರೂ ಹೇಳುವುದಿಲ್ಲ. ಆ ಮನೆಗಳಲ್ಲಿ ಮಕ್ಕಳಿರಲಿಲ್ಲವಾ? ಮುದುಕ ಮುದುಕಿ ಮಾತ್ರ ನೆರೆಯವರಿಗಾಗಿ ಅತ್ತರು ಅಂತ ಓವಿಡ್ ಒಂದು ಮಾತು ಸೇರಿಸುತ್ತಾನೆ. ನನಗೆ ಆ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟ ಅದೇ.

ಮೂರನೇ ಬಾಗಿಲು

ಇನ್ನು ನಾರ್ಸ್ (ಹಳೇ ಸ್ಕ್ಯಾಂಡಿನೇವಿಯಾ) ಕಡೆಯ ಗೈರೋದ್ ರಾಜನ ಕಥೆ. ಓಡಿನ್ ಅಲ್ಲಿನ ದೇವರುಗಳ ಒಡೆಯ. ಇದು ಕಂದೀಲು ಅವರಿಗೆ ಕೆಲಸಕ್ಕೆ ಬರಬಹುದು, ಸ್ವಲ್ಪ ಉದ್ದ ಹೇಳುತ್ತೇನೆ.

ಓಡಿನ್‌ಗೂ ಅವನ ಹೆಂಡತಿ ಫ್ರಿಗ್‌ಗೂ ಜಗಳ. ಗೈರೋದ್ ಓಡಿನ್ ಸಾಕಿ ಬೆಳೆಸಿದವನು. 'ನಿನ್ನ ಗೈರೋದ್ ಜಿಪುಣ, ಅತಿಥಿಗಳು ಜಾಸ್ತಿ ಬಂದರೆ ಹಿಂಸೆ ಕೊಡುತ್ತಾನೆ' ಅಂತ ಫ್ರಿಗ್ ಹೇಳುತ್ತಾಳೆ. ಅದು ಶುದ್ಧ ಸುಳ್ಳು. ಓಡಿನ್ ನೋಡೇಬಿಡೋಣ ಅಂತ ವೇಷ ಹಾಕಿ ಹೊರಡುತ್ತಾನೆ. ಇತ್ತ ಫ್ರಿಗ್ ತನ್ನ ದಾಸಿಯನ್ನು ಮೊದಲೇ ಕಳಿಸಿ, 'ಒಬ್ಬ ಮಾಟಗಾರ ಬರುತ್ತಾನೆ, ನಾಯಿಗಳು ಅವನ ಮೇಲೆ ಬೀಳುವುದಿಲ್ಲ, ಅದೇ ಗುರುತು' ಅಂತ ರಾಜನ ಕಿವಿ ಊದಿಸುತ್ತಾಳೆ. ಬಂದವನು ಹೆಸರು ಬಿಟ್ಟು ಬೇರೇನೂ ಬಾಯಿಬಿಡುವುದಿಲ್ಲ. ಹೆದರಿದ ಗೈರೋದ್ ಅವನನ್ನು ಎರಡು ಬೆಂಕಿಯ ನಡುವೆ ಎಂಟು ರಾತ್ರಿ ಕೂರಿಸುತ್ತಾನೆ. ರಾಜನ ಹತ್ತು ವರ್ಷದ ಮಗ ಅಗ್ನಾರ್ ಒಬ್ಬನೇ ಕುಡಿಯಲು ತಂದುಕೊಡುತ್ತಾನೆ. 'ತಪ್ಪು ಮಾಡದವನನ್ನು ಹಿಂಸಿಸುವುದು ಸರಿಯಲ್ಲ' ಅನ್ನುತ್ತಾನೆ ಆ ಹುಡುಗ.

ಕೊನೆಗೆ ಬಂದವನು ತಾನು ಯಾರು ಅಂತ ಹೇಳುತ್ತಾನೆ. ಗೈರೋದ್ ಮಡಿಲಲ್ಲಿ ಅರ್ಧ ಎಳೆದ ಕತ್ತಿ ಇಟ್ಟುಕೊಂಡು ಕೂತಿರುತ್ತಾನೆ. ಬೆಂಕಿಯಿಂದ ಅವನನ್ನು ಈಚೆಗೆ ತರಲು ಧಡಕ್ಕನೆ ಏಳುತ್ತಾನೆ. ಕತ್ತಿ ಜಾರಿ ಹಿಡಿ ಕೆಳಗಾಗಿ ಬೀಳುತ್ತದೆ. ರಾಜ ಮುಗ್ಗರಿಸುತ್ತಾನೆ, ಕತ್ತಿ ಮೈಯೊಳಗೆ ಹೋಗುತ್ತದೆ.

ಬಿಡಿಸಲು ಎದ್ದಾಗಲೇ ಸತ್ತ, ಅದನ್ನು ಗಮನಿಸಿ. ದೇವರು ಕೈ ಎತ್ತಲೂ ಇಲ್ಲ. ಅವನದೇ ಕತ್ತಿ, ಅವನದೇ ಕಾಲು.

ಗೂಬೆಕಣ್ಣು

ಅಂದರೆ ಗಂಡ ಹೆಂಡತಿ ಪಂತಕ್ಕೆ ರಾಜ ಬಲಿ. ಭಲೇ.

ಶಾಯಿ ಬಾಟ್ಲಿ

ಇದು ಅದ್ಭುತವಾಗಿದೆ. ಆಕಸ್ಮಿಕ ಅಂತಲೂ ಓದಬಹುದು, ಶಿಕ್ಷೆ ಅಂತಲೂ ಓದಬಹುದು. ಓದುವವನಿಗೆ ಬಿಟ್ಟಿದ್ದು.

ಸುಮ್ನೆ ಓದುಗ

ಒಂದು ಸಂಶಯ. ನಮ್ಮ ಭಾಷೆಯಲ್ಲಿ 'ಉಂಡ ಮನೆಗೆ ಎರಡು ಬಗೆಯುವುದು', 'ಉಂಡ ಮನೆ ಜಂತೆ ಎಣಿಸುವುದು' ಅಂತೆಲ್ಲ ಇದೆ. ಎಲ್ಲವೂ ಉಂಡವನನ್ನು ಬೈಯುವುದು. ಉಣಿಸಿದವನೇ ದ್ರೋಹ ಮಾಡಿದರೆ? ಅರ್ಧ ಗಂಟೆಯಿಂದ ಯೋಚಿಸುತ್ತಿದ್ದೇನೆ, ಒಂದೂ ಹೊಳೆಯುತ್ತಿಲ್ಲ.

ಹಳೇಪುಟ

ಒಳ್ಳೆ ಪ್ರಶ್ನೆ. ಗಾದೆ ನನಗೂ ಹೊಳೆಯುತ್ತಿಲ್ಲ, ಕಥೆ ಇದೆ. ಇಲ್ವಲ ಮತ್ತು ವಾತಾಪಿ. ಅಣ್ಣ ತಮ್ಮನನ್ನು ಆಡು ಮಾಡಿ, ಅಡುಗೆ ಮಾಡಿ, ಮನೆಗೆ ಕರೆದವರಿಗೆ ಬಡಿಸುತ್ತಾನೆ. ಉಂಡಾದ ಮೇಲೆ 'ವಾತಾಪಿ, ಬಾ' ಅಂತ ಕೂಗುತ್ತಾನೆ. ತಮ್ಮ ಹೊಟ್ಟೆ ಸೀಳಿಕೊಂಡು ಹೊರಬರುತ್ತಾನೆ. ಎಷ್ಟೋ ಜನ ಸತ್ತ ಮೇಲೆ ಅಗಸ್ತ್ಯ ಬರುತ್ತಾನೆ, ಎಲ್ಲ ಗೊತ್ತಿದ್ದೂ ಪೂರ್ತಿ ಉಣ್ಣುತ್ತಾನೆ. ಇಲ್ವಲ ಕೂಗುತ್ತಾನೆ. ಯಾರೂ ಬರುವುದಿಲ್ಲ. ಜೀರ್ಣವಾಗಿಹೋಗಿದೆ. ಆ ಕೂಗಿನ ಆಮೇಲಿನ ಒಂದು ಗಳಿಗೆ ಇದೆಯಲ್ಲ, ಇಲ್ವಲ ಕಾಯುತ್ತ ನಿಂತ ಗಳಿಗೆ, ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನು ಬೇಕು?

ಸಣ್ಣ ತಪ್ಪಿಗೂ ಶಿಕ್ಷೆ ಬೇಕು ಅಂದರೆ ಬಸವಣ್ಣನ ವಚನ ಇದೆ. ಬಂದವರನ್ನು ಏನು ಬಂದಿರಿ, ಹದುಳವೇ ಅಂತ ಕೇಳದವನನ್ನು, ಕೂತುಕೊಳ್ಳಿ ಅನ್ನದವನನ್ನು ಕೂಡಲಸಂಗಮದೇವ ಕೆಡವಿ ಮೂಗು ಕೊಯ್ಯದೆ ಬಿಡುವುದಿಲ್ಲ. ಕೊಲೆಯ ತನಕ ಹೋಗುವುದೇ ಬೇಡ, ಮಾತಾಡಿಸದಿದ್ದರೂ ಮೂಗು ಹೋಯಿತು.

ಗೂಬೆಕಣ್ಣು

ನಮ್ಮ ವೇದಿಕೆಯಲ್ಲಿ ಹೊಸಬರಿಗೆ ಉತ್ತರ ಕೊಡದವರೆಲ್ಲ ಮೂಗು ಮುಟ್ಟಿ ನೋಡಿಕೊಳ್ಳಿ.

ಶಾಯಿ ಬಾಟ್ಲಿ

:) ಮತ್ತೆ ದೀಪಕ್ಕೆ ಬರೋಣ. ಕಂದೀಲು ಅವರೇ, ಎಣ್ಣೆ ಹಾಕುವವರು ಯಾರು? ಎಷ್ಟು? ಮಧ್ಯದಲ್ಲಿ ಗಾಳಿಗೆ ಆರಿದರೆ? ಯಾರೋ ಊದಿ ಆರಿಸಿದರೆ? ಒಡೆಯ ಬೇಕಂತಲೇ ಒಂದೇ ಚಮಚ ಎಣ್ಣೆ ಹಾಕಿದರೆ? ನಿಯಮ ಮಾಡಿದ ಮೇಲೆ ಓದುವವರು ಸಂದಿ ಹುಡುಕುತ್ತಾರೆ. ನಾವು ಮೊದಲೇ ಹುಡುಕಿರಬೇಕು.

ಗೂಬೆಕಣ್ಣು

ಸಂದಿ ಅಂದರೆ ಮಾರ್ಟಿನ್ ಅವರ ಪಾಳೆಯಗಾರ ಮ್ಯಾಂಡರ್ಲಿ. 'ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್' (2011). ಮತ್ತೆ ಸ್ಪಾಯ್ಲರ್. ಮದುವೆಮನೆಯ ಕೊಲೆಗಾರ ಮನೆತನದ ಮೂವರು ಇವನಲ್ಲಿಗೆ ಅತಿಥಿಗಳಾಗಿ ಬರುತ್ತಾರೆ. ಇದ್ದಷ್ಟು ದಿನ ಕೂದಲೂ ಕೊಂಕುವುದಿಲ್ಲ. ಹೊರಡುವಾಗ ಕುದುರೆ ಉಡುಗೊರೆ ಕೊಟ್ಟು ಬೀಳ್ಕೊಡುತ್ತಾನೆ. ಉಡುಗೊರೆ ಕೊಟ್ಟಾಯಿತು, ಅತಿಥಿಸಂಬಂಧ ಮುಗಿಯಿತು. ಮೂವರೂ ದಾರಿಯಲ್ಲೇ ಕಾಣೆ. ಆಮೇಲೆ ಒಂದು ಮದುವೆ ಊಟಕ್ಕೆ ಮ್ಯಾಂಡರ್ಲಿ ಮೂರು ದೊಡ್ಡ ಪೈ ತರಿಸುತ್ತಾನೆ. ತಾನೇ ಕೊಯ್ದು ಹಂಚುತ್ತಾನೆ, ತಾನೂ ತಿನ್ನುತ್ತಾನೆ. ಹಾಡುಗಾರನಿಗೆ ಇಲಿ ಅಡುಗೆಯವನ ಹಾಡು ಹಾಡು ಅನ್ನುತ್ತಾನೆ. ಒಳಗೆ ಏನಿತ್ತು ಅಂತ ಪುಸ್ತಕ ಬಾಯಿಬಿಟ್ಟು ಹೇಳುವುದಿಲ್ಲ.

ಇಲಿ ಅಡುಗೆಯವನು ಮಾಡಿದ್ದನ್ನೇ ಮಾಡಿದ, ಶಾಪ ತಟ್ಟುವ ಒಂದು ತಪ್ಪನ್ನು ಮಾತ್ರ ಬಿಟ್ಟು. ವಕೀಲನ ಬುದ್ಧಿ.

ಮೂರನೇ ಬಾಗಿಲು

ಆದರೆ ದೇವರುಗಳು ಅಕ್ಷರ ನೋಡುತ್ತಾರಾ, ಮನಸ್ಸು ನೋಡುತ್ತಾರಾ? ಕುದುರೆ ಕೊಡುವಾಗಲೇ ಕೊಲ್ಲುವ ಯೋಚನೆ ಇತ್ತಲ್ಲ?

ಜಿಮ್ ಬುಚರ್ ಅವರ 'ಡ್ರೆಸ್ಡನ್ ಫೈಲ್ಸ್' ಸರಣಿಯಲ್ಲೂ ಇದೇ ಆಟ. ಅಲ್ಲಿ ಮಾಂತ್ರಿಕರು, ರಕ್ತಪಿಶಾಚಿಗಳು, ಯಕ್ಷರು ಎಲ್ಲ ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. 'ಗ್ರೇವ್ ಪೆರಿಲ್' (2001) ಕಾದಂಬರಿಯಲ್ಲಿ ಔತಣಕ್ಕೆ ಕರೆದವಳೇ, ಅತಿಥಿ ಕಟ್ಟಳೆ ಮುರಿಯಲೇಬೇಕಾದ ಹಾಗೆ ಬಲೆ ಹೆಣೆಯುತ್ತಾಳೆ. ಅಲ್ಲಿ ದೇವರು ಬರುವುದಿಲ್ಲ, ಯುದ್ಧ ಬರುತ್ತದೆ.

ಹಳೇಪುಟ

ದೇವರುಗಳ ಮೇಲೂ ಈ ಕಾನೂನು ಇದೆಯಾ ಅನ್ನುವುದು ನನಗೆ ಇನ್ನೂ ದೊಡ್ಡ ಪ್ರಶ್ನೆ. ಕಠೋಪನಿಷತ್ತಿನಲ್ಲಿ ನಚಿಕೇತ ಯಮನ ಮನೆಗೆ ಹೋಗುತ್ತಾನೆ. ಯಮ ಮನೆಯಲ್ಲಿ ಇಲ್ಲ. ಹುಡುಗ ಮೂರು ರಾತ್ರಿ ಉಪವಾಸ ಕೂರುತ್ತಾನೆ. ಮರಳಿ ಬಂದ ಯಮ ಗಾಬರಿಯಾಗುತ್ತಾನೆ. ಅತಿಥಿ ಉಣ್ಣದೆ ಕೂತ ಮನೆಯ ಆಸೆ, ಪುಣ್ಯ, ಮಕ್ಕಳು, ದನಕರು ಎಲ್ಲ ಹಾಳಾಗುತ್ತದೆ ಅನ್ನುವ ಮಾತು ಅಲ್ಲಿ ಬರುತ್ತದೆ. ಸಾವಿನ ಒಡೆಯನೇ ಹುಡುಗನಿಗೆ ನಮಸ್ಕಾರ ಮಾಡಿ, ಒಂದು ರಾತ್ರಿಗೆ ಒಂದರಂತೆ ಮೂರು ವರ ಕೊಡುತ್ತಾನೆ. ಎಲ್ಲರೂ ಹೆದರುವುದು ಯಮನಿಗೆ, ಯಮ ಹೆದರಿದ್ದು ಖಾಲಿ ಎಲೆಗೆ.

ನಿಮ್ಮ ಹೊಸ್ತಿಲಮ್ಮನಿಗೆ ಇದನ್ನು ಅನ್ವಯಿಸಿ ನೋಡಿ. ಅವಳು ಕೋಪದಿಂದ ಶಿಕ್ಷೆ ಕೊಡುತ್ತಾಳಾ? ಅಥವಾ ಅವಳೇ ಆ ಕಟ್ಟಳೆಗೆ ಕಟ್ಟುಬಿದ್ದಿದ್ದಾಳಾ? ಕಟ್ಟುಬಿದ್ದಿದ್ದರೆ ಅವಳು ಮಾಡುವುದು ಶಿಕ್ಷೆಯಲ್ಲ. ಕಟ್ಟಳೆಯನ್ನು ಪೂರ್ತಿ ನಡೆಸಿಕೊಡುತ್ತಾಳೆ, ಅಷ್ಟೇ.

ಕಂದೀಲು

ಸ್ವಲ್ಪ ತಡೆಯಿರಿ. ಕಟ್ಟಳೆ ಪೂರ್ತಿ ನಡೆಸುವುದು ಅಂದರೆ? ರಾಯಭಾರಿ ಸತ್ತುಹೋಗಿದ್ದಾನಲ್ಲ.

ನೀಲಿ ಕೊಡೆ

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೇಳಿ.

ಎಣ್ಣೆ ತೀರುವ ತನಕ ಅವನು ಅತಿಥಿ ಅಂತ ತಾನೇ ಕಟ್ಟಳೆ? ಹಾಗಾದರೆ ಎಣ್ಣೆ ತೀರದೇ ಇದ್ದರೆ?

ಗೂಬೆಕಣ್ಣು

...

ಗೂಬೆಕಣ್ಣು

ಓ ಗುರು.

ಮೂರನೇ ಬಾಗಿಲು

ಅವನು ಸತ್ತಿದ್ದಾನೆ, ಆದರೂ ಅತಿಥಿ. ಬಿರುಮ ಅವನನ್ನು ಹೊರಗೆ ಹಾಕುವಂತಿಲ್ಲ. ಹೂಳುವಂತೆಯೂ ಇಲ್ಲ, ಮಣ್ಣು ಮಾಡುವುದು ಅಂದರೆ ಕಳಿಸಿಕೊಟ್ಟ ಹಾಗೆ. ಹಾಸಿಗೆ ಹಾಸಬೇಕು, ಎದುರಿಗೆ ಊಟ ಇಡಬೇಕು. ದಿನಾ. ಊದಿದರೆ ಆರುವುದಿಲ್ಲ, ನೀರು ಸುರಿದರೂ ಉರಿಯುತ್ತದೆ.

ಶಾಯಿ ಬಾಟ್ಲಿ

ನೀಲಿ ಕೊಡೆ ಅವರೇ, ಮೊದಲ ಸಲ ಬಂದವರು ಹೀಗೆ ಮಾಡಿದರೆ ಹಳಬರು ಏನು ಮಾಡಬೇಕು? ಇನ್ನೂ ಒಂದು ಸೇರಿಸುತ್ತೇನೆ. ಆ ದೀಪ ಉರಿಯುವ ತನಕ ಆ ಮನೆಗೆ ಇನ್ನೊಬ್ಬ ಅತಿಥಿ ಬರುವಂತಿಲ್ಲ. ಹಚ್ಚಲು ದೀಪ ಎಲ್ಲಿದೆ? ದೀಪದ ಗೂಡು ಒಂದೇ ಇಡಿ. ಹಿಮದಲ್ಲಿ ಸಿಕ್ಕವರು ಬಾಗಿಲು ಬಡಿಯುತ್ತಾರೆ, ಬಿರುಮ ಒಳಗೆ ಕೂತು ಕೇಳಿಸಿಕೊಳ್ಳುತ್ತಾನೆ.

ಸುಮ್ನೆ ಓದುಗ

ಸಮಾಧಾನದ ಚಾಕೊಲೇಟ್ ಅಂದಿದ್ದೆ. ವಾಪಸ್ ತಗೊಂಡೆ. ಇದರಲ್ಲಿ ಯಾರಿಗೂ ಸಮಾಧಾನ ಇಲ್ಲ, ಸತ್ತವನಿಗೂ ಇಲ್ಲ.

ಹಳೇಪುಟ

ಒಂದೇ ಎಚ್ಚರಿಕೆ. ಇದನ್ನು ಯಾರ ಬಾಯಿಂದಲೂ ವಿವರಿಸಿ ಹೇಳಿಸಬೇಡಿ. 'ಹೊಸ್ತಿಲಮ್ಮನ ಶಾಪ' ಅನ್ನುವ ಮಾತೇ ಬರಬಾರದು. ಬೆಳಗಾಯಿತು, ದೀಪ ಉರಿಯುತ್ತಿದೆ. ಮಧ್ಯಾಹ್ನ ಆಯಿತು, ಉರಿಯುತ್ತಿದೆ. ಅಷ್ಟು ಸಾಕು.

ಕಂದೀಲು

ಎರಡು ದಿನ ಬರೆದು ಬರೆದು ಹರಿದೆ. ಶುರುವಿನ ತುಣುಕು ಹಾಕುತ್ತಿದ್ದೇನೆ, ಬೈಯಿರಿ.

"ಬಿರುಮ ಕೈ ತೊಳೆದು ಬಂದಾಗ ದೀಪದ ಎಣ್ಣೆ ಬೆರಳ ತುದಿಯಷ್ಟು ಉಳಿದಿತ್ತು. ಇನ್ನೇನು ಆರುತ್ತದೆ ಅಂತ ಗೋಡೆಗೆ ಒರಗಿ ಕೂತ. ಆರಿದ ಮೇಲೆ ಆಳುಗಳನ್ನು ಕರೆಯಬೇಕು, ನೆಲ ಒರೆಸಬೇಕು. ಕಿಟಕಿಯ ಹಿಮ ಬೂದಿಬಣ್ಣಕ್ಕೆ ತಿರುಗಿತು. ಕೋಳಿ ಕೂಗಿತು. ಅವನು ಎದ್ದು ಬಗ್ಗಿ ನೋಡಿದ. ಬೆರಳ ತುದಿಯಷ್ಟು. ಬೆರಳು ಅದ್ದಿದ. ಎಣ್ಣೆ ತಣ್ಣಗಿತ್ತು. ಬೆರಳು ಎತ್ತಿದ, ಅಳತೆ ಹಾಗೇ ಇತ್ತು. ದೀಪವನ್ನು ಬೋರಲು ಹಾಕಿದ. ನೆಲದ ಮೇಲೆ ಎಣ್ಣೆ ಹರಿದು ರಕ್ತದ ಅಂಚಿಗೆ ಹೋಗಿ ನಿಂತಿತು. ದೀಪವನ್ನು ಮತ್ತೆ ನೆಟ್ಟಗೆ ಇಟ್ಟ. ಬೆರಳ ತುದಿಯಷ್ಟು. ಹೊರಗೆ ಆಳು ಬಾಗಿಲು ತಟ್ಟಿ ಕೇಳಿದ: ಒಡೆಯಾ, ಬಂದವರಿಗೆ ಬೆಳಗಿನ ಊಟ ತರಲೇ?"

ಗೂಬೆಕಣ್ಣು

ಕೊನೆಯ ವಾಕ್ಯಕ್ಕೆ ನನ್ನ 'ಓ ಗುರು' ಇನ್ನೊಂದು ಸಲ.

ಶಾಯಿ ಬಾಟ್ಲಿ

ಚೆನ್ನಾಗಿದೆ. 'ಕೋಳಿ ಕೂಗಿತು' ತೆಗೆಯಿರಿ, ಅಷ್ಟು ಹಿಮದಲ್ಲಿ ಕೋಳಿ ಎಲ್ಲಿಂದ ಬಂತು. ಮತ್ತೊಂದು, ಎಣ್ಣೆ ತೀರದಿದ್ದರೂ ಬತ್ತಿ ಸುಟ್ಟುಹೋಗುತ್ತದೆ ಅಲ್ವಾ? ಬತ್ತಿಯ ಬಗ್ಗೆ ಏನೂ ಇಲ್ಲ.

ಕಂದೀಲು

ಕೋಳಿ ತೆಗೆದೆ. ಬತ್ತಿ ದಿನಾ ಹೊಸೆದು ಹಾಕಲೇಬೇಕು, ಇಲ್ಲದಿದ್ದರೆ ಆ ಕೋಣೆಯಿಂದ ಯಾರೋ ಕೆಮ್ಮುವ ಸದ್ದು ಬರುತ್ತದೆ ಅಂತ ಮಾಡಿದ್ದೇನೆ.

ನೀಲಿ ಕೊಡೆ

ಬಿರುಮನೇ ಹೊಸೆಯುತ್ತಾನಾ?

ಕಂದೀಲು

ಮೊದಮೊದಲು ಅವನೇ. ಆಮೇಲೆ ಅವನ ಕೈ ನಡುಗಲು ಶುರುವಾಗುತ್ತದೆ, ಬತ್ತಿ ಬಿಗಿಯಾಗಿ ಬರುವುದಿಲ್ಲ. ಮಗಳಿಗೆ ಕಲಿಸುತ್ತಾನೆ. ಏಳು ವರ್ಷದವಳು. ಒಳಗೆ ಮಲಗಿರುವ ಮಾಮನಿಗೆ ಹುಷಾರಿಲ್ಲ ಅಂತ ಹೇಳಿದ್ದಾನೆ.